ಬಾವಿ ಕಡೆಯಿಂದ ಒಂದು

ಮಂಗಳವಾರ, ಮಧ್ಯಾಹ್ನ

ಮಗಳೇ,

ನಿನ್ನೆ ಊಟ ಆದಮೇಲೆ ಹಾಗೇ ಕಣ್ಣು ಹತ್ತಿತು. ಕನಸಲ್ಲಿ ನಮ್ಮ ಹೊಲದ ಬಾವಿ ಎದ್ದು ಹೋಗಿ ರಸ್ತೆ ಪಕ್ಕ ಕೂತಿತ್ತು. ನಿಮ್ಮ ವಿಶ್ವವಿದ್ಯಾಲಯದ ಪ್ರೊಫೆಸರ್ ಅದರ ಪಕ್ಕ ಗೂಟ ಹೊಡೀತಾ "ಒಂದು" ಅಂತಿದ್ದರು. ನೀನು ಪುಸ್ತಕ ಹಿಡಿದು ಬರ್ಕೊಳ್ತಾ ಇದ್ದೆ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಜಾರು ಮಾಡ್ಕೋಬೇಡ. ಎರಡು ಸಲ ಬರೆದು ಹರಿದು ಒಲೆಗೆ ಹಾಕಿದೆ. ಕೋಪ ಇಳಿಯಲಿ ಅಂತ ಕಾದೆ. ಇಳೀಲಿಲ್ಲ, ಹಾಳೆ ಮಾತ್ರ ಮುಗೀತಾ ಬಂತು. ಕೆಮ್ಮು ಹೇಗಿದೆ? ಕಿಟಕಿ ಮುಚ್ಚಿ ಮಲಗ್ತೀಯ ತಾನೇ?

ನಮ್ಮ ಹೊಲದಲ್ಲಿ ನೀವು ಮಾಡಿದ ಜೋಳದ ಪ್ರಯೋಗದ ಪುಸ್ತಿಕೆಯ ಕರಡು ಹೋದವಾರ ಬಂತು. ಪಕ್ಕದ ಹೊಲದ ದೊಡ್ಡಪ್ಪ ಗಟ್ಟಿಯಾಗಿ ಓದಿದರು: ಮನೆಬೀಜಕ್ಕಿಂತ ಸಂಶೋಧನಾ ಬೀಜ ಪಟ್ಟೆಗೆ ಒಂದು ಮೂಟೆ ಹೆಚ್ಚು ಕೊಡುತ್ತದೆ ಅಂತ. ಓದಿ ಕನ್ನಡಕ ತೆಗೆದು, "ಅಲ್ಲಮ್ಮಾ, ಮೂವತ್ತು ವರ್ಷ ಕಾಪಾಡಿದ ನಿನ್ನ ಜೋಳ ಇಷ್ಟೇನಾ?" ಅಂದರು. ಶುಕ್ರವಾರ ಅಚ್ಚಿಗೆ ಹೋಗುತ್ತಂತೆ. ಅಚ್ಚಾಯಿತೋ, ಸುತ್ತಲ ನಲವತ್ತು ಮನೆಯವರೂ ಬಿತ್ತನೆಗಿಟ್ಟ ಬೀಜ ಕೋಳಿಗೆ ಸುರೀತಾರೆ. ಆಮೇಲೆ ಬೇಕು ಅಂದರೆ ಎಲ್ಲಿಂದ ತರ್ತಾರೆ?

ಬಾವಿಯಿಂದ ರಸ್ತೆವರೆಗೆ ಹೊಲಾನ ಎಂಟು ಪಟ್ಟೆ ಮಾಡಿದ್ವಿ. ಬಿತ್ತುವ ದಿನ ಎಣಿಸಿದ್ದು ಬಾವಿ ಕಡೆಯಿಂದ. ಒಂದು, ಮೂರು, ಐದು, ಏಳು ನಮ್ಮ ಬೀಜ, ಉಳಿದಿದ್ದು ನಿಮ್ಮದು. ಬಾವಿ ಪಕ್ಕದ ಒಂದನೇದನ್ನ ನನ್ನ ಕೈಯಾರೆ ಬಿತ್ತಿದೀನಿ. ಕಳೆ ತೆಗೆಯುವಾಗ ಕಾಲಿಗೆ ಸಿಗುತ್ತೆ ಅಂತ ನಂಬರಿನ ಗೂಟ ಕಿತ್ತು ಬದುವಿಗೆ ಹಾಕಿದವಳೂ ನಾನೇ. ಆ ತಪ್ಪು ನಂದು, ಯಾರು ಕೇಳಿದರೂ ಒಪ್ಕೋತೀನಿ. ಆದರೆ ಕೊಯ್ಲಿನ ದಿನ ನಿಮ್ಮ ಜೀಪಿನ ಡ್ರೈವರ್ ರಸ್ತೆ ಹತ್ತಿರ ಇಳಿದವನೇ ಅಲ್ಲಿಂದಲೇ ಒಂದು, ಎರಡು ಅಂತ ಗೂಟ ಹೊಡ್ಕೊಂಡು ಬಂದ. ಎಂಟನೇದು ಒಂದಾಯಿತು. ನಮ್ಮದೆಲ್ಲ ನಿಮ್ಮದು, ನಿಮ್ಮದೆಲ್ಲ ನಮ್ಮದು! ಬಾವಿ ಪಕ್ಕದ್ದು ನಾಲ್ಕು ಮೂಟೆ ಕೊಟ್ಟಿತು, ರಸ್ತೆ ಪಕ್ಕದ್ದು ಮೂರೇ. ಆ ನಾಲ್ಕು ಈಗ ಯಾರ ಹೆಸರಲ್ಲಿದೆ?

ನಾನು ಅಲ್ಲೇ ಕೂಗಿ ಹೇಳಿದೆನಲ್ಲ, "ಸಾರ್, ತಿರುಗುಮುರುಗಾಗಿದೆ, ಬಾವಿ ಕಡೆಯಿಂದ ಎಣಿಸಬೇಕು" ಅಂತ. ಪ್ರೊಫೆಸರ್, "ಅಮ್ಮಾ, ನೀವು ಬೆಳೀರಿ, ಎಣಿಸೋದು ನಮಗೆ ಬಿಡಿ" ಅಂದರು. ಆ ಡ್ರೈವರ್, "ಬಾವೀನೇ ಈ ಕಡೆ ತಂದಿಡ್ಲಾ ಸಾರ್?" ಅಂದ. ಎರಡು ವರ್ಷದಿಂದ ಅವರು "ರೈತರೂ ನಾವೂ ಸೇರಿ ಮಾಡೋ ಸಂಶೋಧನೆ" ಅಂತ ಹೇಳಿದ್ದೇ ಹೇಳಿದ್ದು. ಹೊಲ ನಂದು, ನೀರು ನಂದು, ನಡು ಮುರಿದಿದ್ದು ನಂದು. ಬಾಯಿ ಮಾತ್ರ ಅವರದಾ?

ನನಗೇ ಮರೆವು ಬಂತಾ ಅಂತಲೂ ಹೆದರಿದೆ. ಹೋಗಿ ಮೂರು ಸಲ ಎಣಿಸಿ ಬಂದೆ. ಹುಳ ಬಿತ್ತೋ ಏನೋ ಅಂತ ಬೀಜದ ಮಡಕೆಯ ಮುಚ್ಚಳವನ್ನ ದಿನಕ್ಕೆ ನಾಲ್ಕು ಸಲ ತೆಗೀತೀನಿ. ನಿಮ್ಮಪ್ಪ, "ಹುಳಕ್ಕೂ ಸ್ವಲ್ಪ ನೆಮ್ಮದಿ ಕೊಡೇ" ಅಂತಾರೆ. ಅವರಿಗೆ ಎಲ್ಲ ತಮಾಷೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಕೈಗೆತ್ತಿಕೊಂಡ ಕೆಲಸ ನೆಟ್ಟಗಾಗಲಿ, ಮುಖ ಬಾಡದೆ ಇರಲಿ.

ನಿನ್ನ
ಅಮ್ಮ

ಇನ್ನೊಂದು ಮಾತು. ಡ್ರೈವರ್ ಬಾವಿ ಮಾತಾಡಿದಾಗ ಎಲ್ಲರೂ ನಕ್ಕರು, ನೀನೂ ನಕ್ಕೆ. ಅದನ್ನ ನುಂಗ್ಕೊಂಡೆ. ಆದರೆ ಬಿತ್ತುವ ದಿನ ಆ ಒಂದನೇ ಗೂಟ ಹೊಡೆದವಳು ನೀನು. ಪ್ರೊಫೆಸರ್ ನಿನ್ನ ಕಡೆ ತಿರುಗಿ "ಏನಮ್ಮಾ, ಹೌದಾ?" ಅಂತ ಕೇಳಿದಾಗ, ನೀನು ತಲೆ ಎತ್ತದೆ "ನೆನಪಿಲ್ಲ ಸಾರ್" ಅಂದೆ. ನೆನಪಿಲ್ಲದಿದ್ದರೆ ಹೋಗಲಿ. ನಿನ್ನ ಪುಸ್ತಕದ ಮೊದಲನೇ ಹಾಳೇಲಿ ಅವತ್ತು ನೀನೇ ಹೊಲದ ನಕ್ಷೆ ಬರೆದು, ಬಾವಿಗೆ ಅಂತ ಒಂದು ಸೊನ್ನೆ ಸುತ್ತಿದ್ದೆ. ನಾನು ಪಕ್ಕದಲ್ಲೇ ಕೂತಿದ್ದೆ. ಆ ಸೊನ್ನೆ ಪಕ್ಕದ ಪಟ್ಟೇಲಿ ಯಾವ ನಂಬರ್ ಬರೆದಿದೀಯ, ಶುಕ್ರವಾರದೊಳಗೆ ಇನ್ನೊಂದು ಸಲ ತೆಗೆದು ನೋಡು.