ಚೆನ್ನಾಗಿದೆ ಎಂದುಬಿಡಬೇಡಿ

ಪ್ರೀತಿಯ ಕೊಕ್ಕೆ ಅಣ್ಣನಿಗೆ,

ಈ ಪತ್ರವನ್ನು ಅತ್ತಿಗೆ ಇಂದು ರಾತ್ರಿಯೇ ನಿಮಗೆ ಓದಿ ಹೇಳುತ್ತಾರೆ ಎಂದುಕೊಂಡೇ ಬರೆಯುತ್ತಿದ್ದೇನೆ. ಅವರನ್ನು ನಡುವೆ ತಡೆಯಬೇಡಿ. ನಿಮ್ಮನ್ನು ಬೈದಿರುವ ಕಡೆ ಸ್ವಲ್ಪ ಜೋರಾಗಿಯೇ ಓದಿ ಎಂದು ಅವರಿಗೆ ಹೇಳಿಟ್ಟಿದ್ದೇನೆ.

ನನಗೆ ಭಯವಾಗುತ್ತಿದೆ ಅಣ್ಣ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ, ಕಾಣುತ್ತಿದೆಯೇ ಎಂದು ಕೇಳಿದವರಿಗೆಲ್ಲ "ಹೂಂ, ಪರವಾಗಿಲ್ಲ" ಎನ್ನುತ್ತಿದ್ದೀರಿ. ಮೊನ್ನೆ ನಾನು ಮನೆಗೆ ಬಂದಾಗ ಅತ್ತಿಗೆ ನಿಮ್ಮ ಮುಂದೆ ನೀರಿನ ಲೋಟ ಇಟ್ಟರು. ನಿಮ್ಮ ಕೈ ಮೊದಲು ಮೇಜನ್ನು ಮುಟ್ಟಿತು, ಸವರಿಕೊಂಡು ಹೋಗಿ ಆಮೇಲೆ ಲೋಟ ಹಿಡಿಯಿತು. ನೀವು ನನ್ನ ಕಡೆ ತಿರುಗಿ ನಕ್ಕಿರಿ. ನಾನು ಕುಳಿತಿದ್ದದ್ದು ಅಲ್ಲಿ ಅಲ್ಲ, ಸ್ವಲ್ಪ ಎಡಕ್ಕೆ. ನಿಮ್ಮ ಒಂದು ಕಣ್ಣು ಚಿಕ್ಕಂದಿನಿಂದಲೂ ಬರೀ ಹೆಸರಿಗೆ. ಇರುವುದು ಈ ಒಂದೇ.

ಆಫೀಸಿನಲ್ಲಿ ನಿಮ್ಮ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ. ಕೂತರೆ ಎಲ್ಲಿಂದಲೋ ಬಂದು ತಪ್ಪು ಹಿಡಿದುಬಿಡುತ್ತೀರೆಂಬ ಹೆದರಿಕೆ. ಎಲ್ಲದಕ್ಕೂ ಕೊಕ್ಕೆ ಹಾಕುವ ಅಣ್ಣ ಎಂದೇ ಅಲ್ಲವೇ ನಿಮಗೆ ಆ ಹೆಸರು ಬಂದದ್ದು. ಇನ್ನೂ ಕಟ್ಟದ ಕಟ್ಟಡ ಕಟ್ಟಿದ ಮೇಲೆ ಹೇಗಿರುತ್ತದೆಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವ ನಮ್ಮ ಕೆಲಸವನ್ನು ನೀವು "ಇಲ್ಲದ ಗೋಡೆಗೆ ಸುಣ್ಣ ಬಳಿಯೋದು" ಎನ್ನುತ್ತಿದ್ದಿರಿ. ವಾರಕ್ಕೊಮ್ಮೆ ಎಲ್ಲರ ಚಿತ್ರಗಳನ್ನೂ ಗೋಡೆಗೆ ಅಂಟಿಸಿ ನೋಡುವ ಪದ್ಧತಿ ನಿಮ್ಮದೇ. ಅದರ ಕಾನೂನೂ ನಿಮ್ಮದೇ. ಕಣ್ಣು ಮೊದಲು ಎಲ್ಲಿಗೆ ಹೋಯಿತು ಹೇಳಬೇಕು. ಯಾವುದನ್ನು ನಂಬಲಾಗಲಿಲ್ಲ ಹೇಳಬೇಕು. "ಕಾಯಿಲೆ ಹೇಳಿದ ಮೇಲೆ ಮದ್ದೂ ಹೇಳ್ಬೇಕು, ಇಲ್ದಿದ್ರೆ ಬಾಯಿ ಮುಚ್ಕೊಂಡಿರ್ಬೇಕು." ಯಾರಾದರೂ ಬಾಯಿ ತಪ್ಪಿ "ಚೆನ್ನಾಗಿದೆ" ಎಂದರೋ, ಅವರು ಅಂದು ಎಲ್ಲರಿಗೂ ಚಹಾ ಮಾಡಬೇಕು. "ಚೆನ್ನಾಗಿದೆ ಅನ್ನೋದು ನೋಡದೇ ಇರೋರ ಮಾತು" ಎಂದು ನೀವು ಹೇಳಿದ್ದು ಈಗ ನನ್ನ ಎದೆಯ ಮೇಲೆ ಕೂತಿದೆ.

ನನ್ನ ಮೊದಲ ಚಿತ್ರ ನೆನಪಿದೆಯೇ? ಒಂದು ಅಡುಗೆಮನೆ. ಎಷ್ಟು ಮುದ್ದಾಗಿ ಮಾಡಿದ್ದೆ! ನೀವು ಬಾಗಿಲ ಬಳಿ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ನೋಡಿ, "ಈ ಮನೇಲಿ ಯಾರೂ ಕಾಲಿಟ್ಟಿಲ್ಲ, ಇಡೋದೂ ಇಲ್ಲ. ಇಟ್ರೆ ಜಾರಿ ಬೀಳ್ತಾರೆ" ಎಂದಿರಿ. ನೆಲದ ಹೊಳಪು ಇಳಿಸು, ಒಲೆಯ ಹತ್ತಿರ ಸ್ವಲ್ಪ ಮಾಸಿದ ಹಾಗೆ ಮಾಡು ಎಂದಿರಿ. ನಾನು ಸಿಟ್ಟಿಗೆದ್ದು ಕಂಪ್ಯೂಟರೇ ಸರಿಯಿಲ್ಲ ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನೀವು ನಕ್ಕ ಕ್ಷಣದಿಂದ ಆಫೀಸಿಗೆಲ್ಲ ನಾನು ನೆಲಡೊಂಕು. ನನ್ನ ತಾಯಿ ಇಟ್ಟ ಹೆಸರು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ಆದರೆ ನಕ್ಕು ಹೋಗಿಬಿಡಲಿಲ್ಲ ನೀವು. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿದಿರಿ. "ನೋಡಿ ನೋಡಿ ನಿನ್ನ ಕಣ್ಣು ಸೋಮಾರಿ ಆಗಿದೆ, ಈಗ ನೋಡು." ನೋಡಿದೆ. ಊಟದ ಮೇಜು ನೆಲಕ್ಕೆ ತಾಗದೆ ಗಾಳಿಯಲ್ಲಿ ತೇಲುತ್ತಿತ್ತು. ಅದರ ಕಾಲುಗಳ ಕೆಳಗೆ ನೆರಳೇ ಇರಲಿಲ್ಲ. ಎಷ್ಟೋ ದಿನ ನೋಡಿದ್ದ ನನಗೆ ಕಂಡಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ನನ್ನ ಕೆಲಸವನ್ನು ಅಷ್ಟು ಹೊತ್ತು ಕಣ್ಣಿಟ್ಟು ನೋಡಿದವರು ಅದುವರೆಗೆ ಯಾರೂ ಇರಲಿಲ್ಲ.

ಕಣ್ಣೊಳಗಿನ ಪರದೆ ಕಳಚಿದೆ ಎಂದು ನಿಮ್ಮನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದ ದಿನ ಅತ್ತಿಗೆಯೂ ನಾನೂ ಹೊರಗೆ ಕೂತಿದ್ದೆವು. ಆಗ ನನ್ನ ಕೈಯಲ್ಲಿದ್ದ ಕೆಲಸವೂ ಒಂದು ಆಸ್ಪತ್ರೆಯದೇ, ಅದರ ಕಾಯುವ ಕೋಣೆಯದು. ನನ್ನ ಚಿತ್ರದಲ್ಲಿ ಬಿಸಿಲು ಧಾರಾಳವಾಗಿತ್ತು, ಕುಂಡದಲ್ಲಿ ಗಿಡಗಳಿದ್ದವು, ಜನ ಕಾಲ ಮೇಲೆ ಕಾಲು ಹಾಕಿಕೊಂಡು ನಗುತ್ತಿದ್ದರು. ಇಲ್ಲಿ ಎಲ್ಲರೂ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಒಬ್ಬ ಮುದುಕ ಒಳಗೆ ಹೋದ ಹೆಂಡತಿಯ ಚಪ್ಪಲಿಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ಅತ್ತಿಗೆ ನಿಮ್ಮ ಕನ್ನಡಕದ ಡಬ್ಬಿಯನ್ನು ತೆಗೆಯುತ್ತಿದ್ದರು, ಮುಚ್ಚುತ್ತಿದ್ದರು, ಮತ್ತೆ ತೆಗೆಯುತ್ತಿದ್ದರು. ಬಾಗಿಲು ಅಲ್ಲಾಡಿದಾಗಲೆಲ್ಲ ಎಲ್ಲರ ಕತ್ತೂ ಒಟ್ಟಿಗೆ ತಿರುಗುತ್ತಿತ್ತು.

ಆಪರೇಷನ್ ಆದ ಮೇಲೆ ಬೋರಲು ಮಲಗಿರಬೇಕು ಎಂದರಂತೆ. ಊರೆಲ್ಲ ನೋಡುವ ಮನುಷ್ಯ ದಿಂಬಿಗೆ ಮುಖ ಹಚ್ಚಿ ಬಿದ್ದಿದ್ದೀರಲ್ಲ ಎಂದು ಅತ್ತಿಗೆ ಕಣ್ಣೀರಿಟ್ಟರೆ, ನೀವು ಫೋನ್ ಕಿವಿಗೆ ಹಿಡಿಸಿಕೊಂಡು ನನಗೆ ಹೇಳಿದ್ದೇನು? "ಬೇಜಾರು ಕಣೇ. ನಿನ್ನ ಚಿತ್ರ ಬಾಯಲ್ಲೇ ಹೇಳು." ಹೇಳಿದೆ. ಎದುರಿಗೆ ದೊಡ್ಡ ಗಾಜು, ಆಚೆ ತೋಟ, ಅದಕ್ಕೆ ಮುಖ ಮಾಡಿ ಕುರ್ಚಿಗಳ ಸಾಲು. "ಬಾಗಿಲೆಲ್ಲಿದೆ?" ಯಾವ ಬಾಗಿಲು ಎಂದೆ. "ಡಾಕ್ಟರ್ ಹೊರಗೆ ಬರೋ ಬಾಗಿಲು." ಅದು ಕೂತವರ ಬೆನ್ನ ಹಿಂದಿತ್ತು. ತೋಟ ಚಂದ ಕಾಣಲೆಂದು ನಾನೇ ಹಾಗೆ ತಿರುಗಿಸಿದ್ದೆ. "ಹಾಗಾದ್ರೆ ಇವ್ರೆಲ್ಲ ಯಾರಿಗೆ ಕಾಯ್ತಿದ್ದಾರೆ? ಬೆನ್ನಲ್ಲಿ ಕಣ್ಣಿದ್ಯಾ? ಕುರ್ಚಿ ಓರೆ ಮಾಡು. ತೋಟನೂ ಕಾಣ್ಲಿ, ಬಾಗಿಲೂ ಕಾಣ್ಲಿ."

ಆ ಬಾಗಿಲನ್ನೇ ನೋಡುತ್ತಾ ಅರ್ಧ ದಿನ ಕೂತು ಬಂದವಳು ನಾನು. ನನಗೆ ಹೊಳೆದಿರಲಿಲ್ಲ, ಬೋರಲು ಬಿದ್ದಿದ್ದ ನಿಮಗೆ ಹೊಳೆಯಿತು. ಕುರ್ಚಿಗಳನ್ನು ಓರೆ ಮಾಡಿದೆ. ನಗುವ ಜನರನ್ನು ತೆಗೆದು, ಅಂಚಿನಲ್ಲಿ ಕೂರುವ ಜನರನ್ನು ಕೂರಿಸಿದೆ. ಚಪ್ಪಲಿ ಹಿಡಿದ ಮುದುಕನನ್ನೂ ಕೂರಿಸಿದೆ. ಆಸ್ಪತ್ರೆಯ ನಕ್ಷೆ ಮಾಡಿದ ಮೇಡಂ ಚಿತ್ರವನ್ನು ನೋಡಿ ತಮ್ಮ ನಕ್ಷೆಯಲ್ಲೂ ಕುರ್ಚಿಗಳನ್ನು ತಿರುಗಿಸಿದರು.

ಇನ್ನು ಬೈಗುಳ. ಮಸುಕಾದರೆ, ನೆರಳು ಬಿದ್ದ ಹಾಗಾದರೆ ತಕ್ಷಣ ಹೇಳಬೇಕು, ಬೇಗ ಗೊತ್ತಾದರೆ ಇನ್ನೊಂದು ಸಲ ಸರಿ ಮಾಡಲು ನೋಡಬಹುದು, ತಡವಾದರೆ ಕೈಮೀರುತ್ತದೆ ಎಂದು ಡಾಕ್ಟರು ನಮ್ಮ ಎದುರಿಗೇ ಹೇಳಿದ್ದರು. ನೀವು ತಲೆಯಾಡಿಸಿದಿರಿ. ಮತ್ತೆ ಈ "ಪರವಾಗಿಲ್ಲ" ಯಾವ ಸೀಮೆಯ ಮಾತು? ಅತ್ತಿಗೆ ಹೆದರುತ್ತಾರೆ ಎಂದೇ? ಅವರು ಆಗಲೇ ಹೆದರಿದ್ದಾರೆ. ನೀವು ಮಲಗಿದ ಮೇಲೆ ನಿಮ್ಮ ಮುಖದ ಮುಂದೆ ಕೈಯಾಡಿಸಿ ನೋಡುತ್ತಾರೆ, ಮಲಗಿದವರಿಗೆ ಕಾಣುವುದಿಲ್ಲ ಎಂಬುದೂ ಅವರಿಗೆ ಮರೆತುಹೋಗುತ್ತದೆ. ಅಥವಾ ಕೆಲಸ ಹೋಗುತ್ತದೆ ಎಂದು ನಿಮಗೇ ಭಯವೇ? ಹೆದರಿಕೊಳ್ಳಿ ಅಣ್ಣ, ಬೇಡ ಎನ್ನುವುದಿಲ್ಲ. ಒಬ್ಬರೇ ಹೆದರಬೇಡಿ.

ನಾಳೆ ಬೆಳಿಗ್ಗೆ ಆ ಕಾಯುವ ಕೋಣೆಯ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿಕೊಂಡು ನಿಮ್ಮ ಮನೆಗೆ ಬರುತ್ತೇನೆ. ಕಿಟಕಿಯ ಬೆಳಕಿನಲ್ಲಿ ಗೋಡೆಗೆ ಅಂಟಿಸುತ್ತೇನೆ. ಅದರಲ್ಲಿ ಬೇಕೆಂದೇ ಒಂದು ತಪ್ಪು ಬಿಟ್ಟಿದ್ದೇನೆ. ಏನೆಂದು ಅತ್ತಿಗೆಗೂ ಹೇಳಿಲ್ಲ. ಹಳೆಯ ನೀವಾದರೆ ಬಾಗಿಲಿನಿಂದಲೇ ಕಂಡುಹಿಡಿದು ನನ್ನ ಮಾನ ಕಳೆಯುವಂಥ ತಪ್ಪು. ಊಹೆ ಮಾಡಿ ಹೇಳಬೇಡಿ. ಎದ್ದು ಹೋಗಿ ಬೆರಳಿಟ್ಟು ತೋರಿಸಿ, ಬಾಯಿಗೆ ಬಂದ ಹಾಗೆ ಬೈಯಿರಿ. ನೆಲಡೊಂಕು ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿ.

ಕಾಣದಿದ್ದರೆ ಕಾಣುತ್ತಿಲ್ಲ ಎನ್ನಿ. ಆ ಮಾತು ಬಾಯಿಂದ ಹೊರಟ ತಕ್ಷಣ ಡಾಕ್ಟರ ಬಳಿಗೆ ಹೋಗೋಣ, ಆಟೋವನ್ನು ಹೊರಗೆ ನಿಲ್ಲಿಸಿಕೊಂಡೇ ಒಳಗೆ ಬಂದಿರುತ್ತೇನೆ. ಕಾಯಿಲೆ ಹೇಳಿದ ಮೇಲೆ ಮದ್ದೂ ಹೇಳಬೇಕಲ್ಲ, ಅದನ್ನೂ ಕೇಳಿ. ಅಲ್ಲಿಯೂ ಕೈಮೀರಿದೆ ಎಂದರೆ, ನಾನು ಚಿತ್ರಗಳನ್ನು ಬಾಯಲ್ಲಿ ಹೇಳುತ್ತೇನೆ, ನೀವು ಬಾಗಿಲೆಲ್ಲಿದೆ ಎಂದು ಕೇಳಿ. ನಿಮ್ಮ ಕುರ್ಚಿ ನಿಮ್ಮದೇ.

ಒಂದೇ ಒಂದು ಮಾತಿಗೆ ನಾನು ಹೆದರುತ್ತಿದ್ದೇನೆ. ನೀವು ಗೋಡೆಯ ಕಡೆ ಮುಖ ಮಾಡಿ, ನನ್ನ ಮನಸ್ಸು ನೋಯಬಾರದೆಂದು ಮೆಲ್ಲಗೆ ನಕ್ಕು, "ಚೆನ್ನಾಗಿದೆ ಕಣೇ" ಎಂದುಬಿಟ್ಟರೆ ನಾನು ಎಲ್ಲಿಗೆ ಹೋಗಲಿ? ಬೇಡ ಅಣ್ಣ, ಆ ಒಂದು ಮಾತು ಬೇಡ.

ನಿಮ್ಮ ಕಣ್ಣು ತಣ್ಣಗಿರಲಿ, ನಾಲಗೆ ಎಂದಿನಂತೆ ಹರಿತವಾಗಿರಲಿ.

ನಿಮ್ಮ ಬೈಗುಳಕ್ಕಾಗಿ ಬಾಗಿಲು ನೋಡುತ್ತಾ ಕೂತಿರುವ,
ನೆಲಡೊಂಕು