ಹಂಸಿಕಾಗೆ ಎಳ್ಳು ಸಾಕು, ಬೆಲ್ಲ ಬೇಡ

ಅವ್ವ,

ಸಂಕ್ರಾಂತಿ ದಿನವೂ ಸರಗೂರು ಬಸ್ಸಿಗೆ ಡ್ಯೂಟಿ ಹಾಕಿದ್ದಾರೆ, ಹೊರಟೆ. ನೀನು ಹಾಲು ಕರೆಯುತ್ತಿದ್ದೆ, ಕೂಗಲಿಲ್ಲ. ಪ್ರಮೀಳಾ ತವರಿನಿಂದ ಸಂಜೆಗೆ ಬರುತ್ತಾಳೆ.

ಮಗಳು ಹಂಸಿಕಾಗೆ ಮುದ್ದೆ, ಮೊಸರು, ಬೇಯಿಸಿದ ಮೊಟ್ಟೆ ಕೊಡು. ಪೊಂಗಲಿನಲ್ಲಿ ಖಾರದ್ದು ಮಾತ್ರ. ಗೆಣಸು, ಬಾಳೆಹಣ್ಣು ಬೇಡ, ಕಬ್ಬಂತೂ ಬೇಡವೇ ಬೇಡ. ಎಳ್ಳು ಬೀರಲು ಬಂದವರಿಗೆ ಮಗುವಿನ ಕೈಗೆ ಏನೂ ಕೊಡಬೇಡಿ ಅಂತ ಬಾಗಿಲಲ್ಲೇ ಹೇಳಿಬಿಡು. ಅವಳ ಪಾಲಿಗೆ ಬರೀ ಎಳ್ಳು ಹುರಿದು ನೀಲಿ ಡಬ್ಬಿಯಲ್ಲಿಟ್ಟಿದ್ದೇನೆ.

ನಿನ್ನೆ ಕೇಳಿದೆಯಲ್ಲ, "ಗುಲ್ಕೋಸ್ ಕುಡಿತದೆ, ಅದೂ ಸೀನೇ ಕಣ್ಲಾ, ಚೂರು ಬೆಲ್ಲ ತಿಂದ್ರೆ ಏನಾದದು?" ಅಂತ. ಸಿಹಿಯಲ್ಲೂ ಬೇರೆ ಬೇರೆ ಇರುತ್ತದಂತೆ ಅವ್ವ. ಡಾಕ್ಟರು ಕೊಟ್ಟ ಗ್ಲೂಕೋಸು ಅವಳಿಗೆ ಒಗ್ಗುತ್ತದೆ. ಬೆಲ್ಲ, ಸಕ್ಕರೆ, ಹಣ್ಣು ಅವಳ ಮೈಗೆ ಅರಗದೆ ಲಿವರನ್ನೇ ಹಾಳು ಮಾಡುತ್ತವೆ. ಯುಗಾದಿಗೆ ನೀನು ತಿನ್ನಿಸಿದ ಬೇವುಬೆಲ್ಲಕ್ಕೆ ವಾಂತಿಯಾಗಿ, ಮೈಯೆಲ್ಲ ತಣ್ಣಗಾಗಿ ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದು ಮರೆತೆಯಾ?

"ನಮ್ ವಂಸದಲ್ಲಿ ಇಂಥದ್ದಿಲ್ಲ" ಅಂತ ಪ್ರಮೀಳಾ ಮುಂದೆ ಇನ್ನೊಮ್ಮೆ ಅನ್ನಬೇಡ. ಈ ಕಾಯಿಲೆ ಅವಳಿಂದಷ್ಟೇ ಅಲ್ಲ, ನನ್ನಿಂದಲೂ ಬಂದಿದೆ ಅಂತ ಡಾಕ್ಟರು ನಿನ್ನೆದುರಿಗೇ ಹೇಳಿದರು.

ಸಿಹಿ ಕಂಡು ಮಗು ಬಾಯಿ ಬಿಗಿಹಿಡಿದರೆ ಅದು ಸೊಕ್ಕಲ್ಲ, ಅದರ ಮೈಗೆ ಗೊತ್ತಿದೆ. ಹಬ್ಬದ ದಿನ ಬಾಯಿ ಸಿಹಿಯಾಗದಿದ್ದರೂ ಸರಿಯೇ, ನಾನು ಬಂದಾಗ ಅವಳು ಬಾಗಿಲಿಗೆ ಓಡಿಬರಬೇಕು.

ಉಮಾಶಂಕರ