ಎಂಟು ನಿಕ್ಕಲ್‌ಗಳ ಬಳೆ

ಮಾಂಟೆವಿಡಿಯೊ
೧೪ ಆಗಸ್ಟ್ ೧೯೮೭

ಪ್ರೀತಿಯ ಮರಿಸೋಲ್,

ನಿನ್ನ ಎರಡು ಪತ್ರಗಳಿಗೂ ಉತ್ತರಿಸದೆ ಕೂತ ಅಮ್ಮನನ್ನು ಮೊದಲು ಚೆನ್ನಾಗಿ ಬೈದುಬಿಡು, ಆಮೇಲೆ ಓದು. ಬೆನ್ನುನೋವು ಹೇಗಿದೆ? ಏಳನೇ ತಿಂಗಳಲ್ಲಿ ನನಗೂ ಹಾಗೇ ಆಗಿತ್ತು. ಬಿಸಿನೀರಿನ ಚೀಲ ಇಟ್ಟುಕೋ.

ನಾನು ಗೆದ್ದೆ ಕಣೇ!

ನನ್ನ ಕಪ್ಪು ಪುಡಿಯಲ್ಲಿ ನಿಕ್ಕಲ್ ಪರಮಾಣುಗಳು ಗಂಧಕದ ಕೈ ಹಿಡಿದು ಬಳೆಯಂತೆ ದುಂಡಗೆ ಕೂತಿವೆ ಎಂದು ಒಂಬತ್ತು ವರ್ಷದಿಂದ ಹೇಳುತ್ತಲೇ ಇದ್ದೆ. ನಮ್ಮ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥ ಬೆರ್ರುಟ್ಟಿ, "ಅದು ಬರೀ ಉದ್ದನೆ ಸರಪಳಿ, ನೆಲಿದಾ. ಬಳೆ ಬೇಕಾದ್ರೆ ಅಂಗಡಿಗೆ ಹೋಗಿ" ಎಂದು ಎಲ್ಲರನ್ನೂ ನಗಿಸುತ್ತಿದ್ದರು. ಕ್ಷ-ಕಿರಣ ಹಾಯಿಸಿ ನೋಡಲು ಒಳ್ಳೆಯ ಹರಳು ಬೇಕು. ನನಗೆ ಸಿಗುತ್ತಿದ್ದುದು ಪುಡಿ ಮಾತ್ರ. ದ್ರಾವಣ ಬೇಗ ತಣ್ಣಗಾಗಿ ಹರಳು ಬೆಳೆಯಲು ಸಮಯವೇ ಸಿಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ನನ್ನ ಮಾಟೆ ಎಲೆಯ ಕಷಾಯ ಕುಡಿಯುವ ಥರ್ಮೋಸ್‌ಗೆ ಬಿಸಿನೀರು ತುಂಬಿ, ದ್ರಾವಣದ ನಳಿಕೆಯನ್ನು ಅದರೊಳಗೆ ಇಳಿಸಿ, ಉಣ್ಣೆಯ ಶಾಲು ಸುತ್ತಿ ನಾಲ್ಕು ದಿನ ಮುಟ್ಟದೆ ಬಿಟ್ಟೆ. ನಮ್ಮ ಪ್ರಯೋಗಾಲಯದ ಗಾಜಿನ ಕೆಲಸದ ಎಲ್ಬಿಯೊ ಮೂಗು ಹಿಡಿದುಕೊಂಡು, "ಡಾಕ್ಟರಮ್ಮಾ, ಇನ್ಮೇಲೆ ಇದ್ರಲ್ಲಿ ಮಾಟೆ ಕುಡಿದ್ರೆ ಕೊಳೆತ ಈರುಳ್ಳಿ ಕುಡಿದಂಗೇ!" ಎಂದ. ತೆಗೆದು ನೋಡಿದರೆ ಎಳ್ಳಿನಷ್ಟು ದಪ್ಪ ಹರಳುಗಳು ಮಿನುಗುತ್ತಿದ್ದವು! ಬ್ರೆಜಿಲ್‌ನಲ್ಲಿ ಯಂತ್ರವಿರುವ ಪ್ರಯೋಗಾಲಯಕ್ಕೆ ಎಲ್ಬಿಯೊನೇ ಬಸ್ಸಿನಲ್ಲಿ ಒಯ್ದ, ಅಂಗಿಯ ಜೇಬಿನಲ್ಲಿಟ್ಟುಕೊಂಡು.

ಮೊನ್ನೆ ಸೋಮವಾರ ಫಲಿತಾಂಶ ಬಂತು. ಎಂಟು ನಿಕ್ಕಲ್, ಹದಿನಾರು ಗಂಧಕ, ಎಲ್ಲೂ ತುಂಡಾಗದ ಬಳೆ! ಬೆರ್ರುಟ್ಟಿ ಹರಳಿನ ಚಿತ್ರದಲ್ಲಿ ನಿಕ್ಕಲ್‌ಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದರು. "ಒಂಬತ್ತು ವರ್ಷ ನಾನು ಬಾಯಿಗೆ ಬಂದಂಗೆ ಮಾತಾಡಿದೆ. ಕ್ಷಮಿಸಿ" ಎಂದವರೇ ಅದನ್ನು ತಮ್ಮ ಕೋಣೆಯ ಬಾಗಿಲಿಗೆ ಅಂಟಿಸಿದರು. ಎಲ್ಬಿಯೊ ನನ್ನನ್ನು ಎಳೆದುಕೊಂಡು ಹೋಗಿ ಕಾರಿಡಾರಿನಲ್ಲೇ ಕುಣಿಸಿದ. ಐವತ್ತೆಂಟರ ಹೆಂಗಸು, ಬಿಳಿ ಕೋಟು ಹಾಕಿಕೊಂಡೇ ಕುಣಿದೆ.

ನಿನ್ನ ಹೆರಿಗೆ ಹೂವೆತ್ತಿದಷ್ಟು ಸಲೀಸಾಗಲಿ. ಅಳಿಯನಿಗೂ ಒಳಗಿರುವ ಪುಟ್ಟ ಜೀವಕ್ಕೂ ನನ್ನ ಮುತ್ತುಗಳು.

ನಿನ್ನ ಅಮ್ಮ,
ನೆಲಿದಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ನಿನ್ನ ಮದುವೆಯ ದಿನ ನೀನು ಚಿಕ್ಕಮ್ಮನಿಗೆ, "ಅಮ್ಮನ್ನ ಕೊನೇ ಸಾಲಲ್ಲಿ ಕೂರ್ಸು, ಮೈಯೆಲ್ಲಾ ಗಂಧಕದ ನಾತ" ಎಂದದ್ದು ಬಾಗಿಲ ಹಿಂದಿದ್ದ ನನಗೆ ಕೇಳಿಸಿತು. ಮೂರು ದಿನ ನಿಂಬೆಹಣ್ಣಿನಿಂದ ಮೈ ಉಜ್ಜಿಕೊಂಡು ಬಂದಿದ್ದೆ, ಮಗಳೇ. ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ ನಾನಾಗಿ ಹೋಗಿ ಹಿಂದೆ ಕೂತೆ. ಕಾಲುನೋವು ಎಂದು ಸುಳ್ಳು ಹೇಳಿದೆ. ಮಗುವಿನ ಜ್ಞಾನಸ್ನಾನಕ್ಕೆ ಬರುತ್ತೇನೆ. ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಮಗುವನ್ನು ನೀನೇ ನನ್ನ ಕೈಗೆ ಕೊಡಬೇಕು.